ಕಾಲಿಗೆ ಕಾಣುವುದು

ಬೈತಖೋಲಿನ ಐಸ್ ಕಾರ್ಖಾನೆಯ ಮೇಲೆ
ನಮ್ಮ ಆಫೀಸು. ನಾಲ್ಕು ಕುರ್ಚಿ, ಮೂರು ಜನ.
ಕೆಳಗೆ ಮಂಜುಗಡ್ಡೆ ಪುಡಿಯಾಗುವಾಗ
ಮೇಲೆ ಮೇಜು ನಡುಗುತ್ತದೆ,
ಕಾಯತಾನನ ಚಹದಲ್ಲಿ ಸಣ್ಣ ಸಣ್ಣ ಉಂಗುರ.

ಕೆಲಸ ಬರುವುದು ಹೀಗೆ:
'ಈ ಆಟ ನೋಡಿ. ಡಿಟ್ಟೋ ಇದೇ ಬೇಕು.
ಮಿಠಾಯಿ ತೆಗೆದು ಹಣ್ಣು ಹಾಕಿ.'
ಮುಂದಿನ ತಿಂಗಳು ಹಣ್ಣು ತೆಗೆದು ರತ್ನ.
ಅದರ ಮುಂದಿನ ತಿಂಗಳು ರತ್ನ ತೆಗೆದು
ಮತ್ತೆ ಮಿಠಾಯಿ.
ಚರ್ಮ ಸುಲಿಯುವುದು, ಚರ್ಮ ಹೊಚ್ಚುವುದು;
ಒಳಗಿನ ಪ್ರಾಣಿ ಯಾವುದೆಂದು
ಐದು ವರ್ಷದಲ್ಲಿ ನಾವ್ಯಾರೂ ನೋಡಿಲ್ಲ.

ಒಮ್ಮೆ ಸಮುದ್ರ ಬೇಕೆಂದರು.
ವಿಜೇತಾ ತಾಂಡೇಲ ಬಿಡಿಸಿದಳು, ಜುಲೈ ತಿಂಗಳ ನೀರು:
ಕಾಳಿ ಕಕ್ಕಿದ ಕೆಮ್ಮಣ್ಣು ಕಲಸಿ
ಕೂರ್ಮಗಡದ ತನಕ ಬೆಲ್ಲದ ಪಾಕ.
ವಾಪಸು ಬಂತು. 'ಇದು ಸಮುದ್ರದ ಹಾಗಿಲ್ಲ.'
ನಲವತ್ತು ಡಾಲರಿಗೆ ಒಂದು ನೀಲಿ ಕೊಂಡು ಅಂಟಿಸಿದೆವು.
ಅವಳು ಕಿಟಕಿ ಮುಚ್ಚಿದ್ದು ಆವತ್ತೇ ಇರಬೇಕು,
ಮೀನಿನ ವಾಸನೆಗೆ ಅನ್ನುತ್ತಾಳೆ.

ನಮ್ಮದೇ ಒಂದು ಮಾಡೋಣ ಎಂದು ಹೊರಟೆವು,
ಭಾನುವಾರ ಮಾತ್ರ, ಕರೆಂಟು ಬಿಲ್ಲು ಹಂಚಿಕೊಂಡು.
ನದಿಯ ಬಾಯಿ, ಇಳಿತ, ಮರಳದಿಬ್ಬ,
ಬಳಚು ಹೆಕ್ಕುವ ಹೆಂಗಸು, ಸೊಂಟಕ್ಕೆ ಬುಟ್ಟಿ.
ಹೊಸದು ಅಂದುಕೊಂಡೆವು.
ಆದರೆ ಕೈ ಪಳಗಿತ್ತಲ್ಲ:
ಬಳಚು ಇದ್ದಲ್ಲಿ ಮಿನುಗು,
ಮುಟ್ಟಿದರೆ ಟಿಣ್,
ಮೂರು ಸಾಲಾದರೆ ಸಿಡಿತ.
ಸೀರೆ ಉಟ್ಟ ಮಿಠಾಯಿ.

ಕೋಡಿಬಾಗಿನ ದ್ವಾರಕಾ ಮಾವಶಿಗೆ ಕೊಟ್ಟೆವು.
ಕನ್ನಡಕ ಹಾಕಿದಳು, ತೆಗೆದಳು.
'ಬಳಚು ಹೀಗೆ ಕಾಣುತ್ತದಾ?
ಕಂಡಿದ್ದರೆ ಕಾಗೆ ಬಿಡುತ್ತಿತ್ತಾ?
ಕಾಲಲ್ಲಿ ಹುಡುಕಬೇಕು ಪುತಾ.
ನೀರು ಕಲಕಿದ ಮೇಲೆ ಕಣ್ಣು ಇದ್ದೂ ಇಲ್ಲ.
ಹಿಮ್ಮಡಿ ಒತ್ತು, ಹೆಬ್ಬೆರಳು ತಿರುಗಿಸು.
ಕಲ್ಲಾದರೆ ಸುಮ್ಮನಿರುತ್ತದೆ. ಬಳಚು
ಒಂದು ಚೂರು ಹಿಂಜರಿಯುತ್ತದೆ.'

ಹಿಂಜರಿಕೆ.
ಇದನ್ನು ಕೋಡಿನಲ್ಲಿ ಬರೆಯುವುದು ಹೇಗೆ?
ಕಾಯತಾನನಿಗೆ ಹನ್ನೊಂದು ಭಾನುವಾರ ಹಿಡಿಯಿತು.
ಮಿನುಗು ಕಿತ್ತೆವು. ಟಿಣ್ ಕಿತ್ತೆವು. ಅಂಕ ಕಿತ್ತೆವು.
ಪರದೆ ತುಂಬ ಕಲಕಿದ ನೀರು,
ವಿಜೇತಾಳ ಆ ವಾಪಸು ಬಂದ ಸಮುದ್ರ, ಅದೇ ಫೈಲು.
ಬೆರಳು ಸರಿಸಿದರೆ ಫೋನು ಮಿಡಿಯುತ್ತದೆ:
ಕಲ್ಲಿಗೆ ಒಂದು ಗಟ್ಟಿ ತಟ್ಟು;
ಬಳಚಿಗೆ ನಡುಕ, ಅಲ್ಲ,
ನಡುಕಕ್ಕೂ ಮುಂಚಿನದು.
ಕೆಳಗಿನ ಯಂತ್ರ ನಿಂತ ರಾತ್ರಿ ಮಾತ್ರ
ಸರಿಯೋ ತಪ್ಪೋ ಗೊತ್ತಾಗುತ್ತಿತ್ತು.

ಮಾವಶಿ ಕಣ್ಣು ಮುಚ್ಚಿ ಆಡಿದಳು.
ಒಣ ನೆಲದ ಮೇಲೆ ನಿಂತವಳು
ತನಗೇ ತಿಳಿಯದೆ ನೆರಿಗೆ ಎತ್ತಿ ಸಿಕ್ಕಿಸಿದಳು.

ಸಾವಿರದ ನೂರು ಜನ ಇಳಿಸಿಕೊಂಡರು.
'ಶತ್ರು ಎಲ್ಲಿ?' ಎಂದ ಒಬ್ಬ.
'ಫೋನು ಕೆಟ್ಟಿತೆಂದುಕೊಂಡೆ' ಎಂದ ಇನ್ನೊಬ್ಬ.

ಮಾರ್ಚಿನಲ್ಲಿ ಅದೇ ಆಟ, ಬೇರೆ ಹೆಸರು.
ಯಾವ ಊರಿನವರೋ. ನಮ್ಮಂಥವರೇ ಇರಬೇಕು,
ಯಾವುದೋ ಕಾರ್ಖಾನೆಯ ಮೇಲೆ ಮೂರು ಜನ,
'ಡಿಟ್ಟೋ ಇದೇ ಬೇಕು' ಎಂದಿರಬೇಕು ಅವರಿಗೂ.
ಹತ್ತು ಲಕ್ಷ ದಾಟಿತ್ತು.
ನೀರು ನೀಲಿ.

ಸಿಟ್ಟಿನಲ್ಲಿ ಮಾವಶಿಗೆ ತೋರಿಸಿದೆ, ಕದ್ದಿದ್ದಾರೆ ನೋಡು.
'ನಾನೂ ಅತ್ತೆಯ ಕಾಲು ನೋಡಿ ಕದ್ದದ್ದೇ.
ಹೇಳಿಕೊಡುತ್ತಿರಲಿಲ್ಲ ಅವಳು,
ನಾನು ಹತ್ತಿರ ಹೋದರೆ ಬೆನ್ನು ತಿರುಗಿಸುತ್ತಿದ್ದಳು.'
ಫೋನು ಇಸಕೊಂಡು ಆಡಿದಳು, ಬಹಳ ಹೊತ್ತು.
ನಡುಕ ಸರಿಯಾಗಿದೆ ಎಂದಳು.
ನನಗೆ ಎಲ್ಲೋ ಚುಚ್ಚಿತು.
ಆಮೇಲೆ ಕೇಳಿದಳು,
'ಸಣ್ಣದನ್ನು ವಾಪಸು ಬಿಡಲು ಎಲ್ಲಿ ಒತ್ತಬೇಕು?'

ಹುಡುಕಿದೆ. ಇಡೀ ಆಟದಲ್ಲಿ ಇರಲಿಲ್ಲ.
ಉಗುರಿನಷ್ಟು ಮರಿಗೂ ಹತ್ತು ಅಂಕ.
ನಮ್ಮದರಲ್ಲಿತ್ತು, ಅವಳು ಹೇಳಿದಳೆಂದು ಹಾಕಿದ್ದು,
ಯಾರೂ ಒತ್ತದ ಒಂದು ಮೂಲೆಯಲ್ಲಿ;
ಬಿಡದಿದ್ದರೆ ಮರುದಿನ ದಿಬ್ಬ ಬರಿದು.

ಮಾವಶಿ ಫೋನು ವಾಪಸು ಕೊಟ್ಟಳು.
'ನೀನು ಒಮ್ಮೆಯಾದರೂ ಇಳಿದಿದ್ದೀಯಾ?'
ನಾನು ಕಿಟಕಿಯ ಕಡೆ ನೋಡಿದೆ. ಮುಚ್ಚಿತ್ತು.
'ನಾಳೆ ಇಳಿತ ಆರೂ ಮುಕ್ಕಾಲಿಗೆ' ಎಂದಳು,
'ಬರುವುದಾದರೆ ಚಪ್ಪಲಿ ಬಿಟ್ಟು ಬಾ.'